ಹುಣಸೆಯ ಎರಡು ಪಾಲು

ವೇಣುಗೋಪಾಲನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಕಟ್ಟಿಕೊಂಡ ಹೆಂಡತಿಯ ಮೇಲೆ. ಅದೇ ತೊಂದರೆ. ಹಿಂದೆ ತಮ್ಮನ ಮೇಲೆ ಕಿಚ್ಚುಪಟ್ಟಾಗ ಊರಿನ ಕಟ್ಟೆಯ ಮೇಲೆ ನಾಲ್ಕು ಜನ ಹೌದೌದು ಅಂದಿದ್ದರು. ಹೆಂಡತಿಯ ಕೆಲಸ ನೋಡಿ ಹೊಟ್ಟೆ ಉರಿಯುತ್ತದೆ ಅಂದರೆ ಯಾರು ಹೌದು ಅನ್ನುತ್ತಾರೆ? ನಗುತ್ತಾರೆ. ಆದ್ದರಿಂದ ಅವನು ಬಾಯಿಮುಚ್ಚಿಕೊಂಡು ಅದನ್ನು ಒಳಗೇ ಇಟ್ಟುಕೊಂಡಿದ್ದ. ಅದು ಅಲ್ಲೇ ಚೆನ್ನಾಗಿ ಬೆಳೆಯುತ್ತಿತ್ತು.

ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಒಂದೇ ಕಡೆ. ನೆಲಮಂಗಲದ ಪಕ್ಕದ ಅರಿಶಿನಕುಂಟೆಯಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ನಿಂತ ಒಂದು ತಗಡಿನ ಶೆಡ್ಡು. ಒಂದು ಪಕ್ಕ ಲಾರಿ ಟೈರಿನ ಅಂಗಡಿ, ಇನ್ನೊಂದು ಪಕ್ಕ ಗ್ರಾನೈಟ್ ಕೊಯ್ಯುವ ಯಾರ್ಡು. ಆ ಗದ್ದಲದ ನಡುವೆ ಉಮಾಶಂಕರ್ ಎನ್ನುವವರು ಕೈಯಲ್ಲಿ ಗಿಟಾರ್ ಮಾಡಿಸುತ್ತಿದ್ದರು. ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದವರು, ಅದನ್ನು ಬಿಟ್ಟು ಈ ಹುಚ್ಚು ಹಿಡಿಸಿಕೊಂಡಿದ್ದರು. ಕೆಲಸಕ್ಕೆ ಮೂರೇ ಜನ. ಬಿಸಿ ಕೊಳವೆಯ ಮೇಲೆ ಗಿಟಾರಿನ ಪಕ್ಕೆಗಳನ್ನು ಬಗ್ಗಿಸಲು ಬೈರಣ್ಣ ಎಂಬ ಮುದುಕ. ಕೊಯ್ಯಲು, ಕೂಡಿಸಲು ವೇಣುಗೋಪಾಲ. ಕೊನೆಗೆ ಪಾಲಿಷ್ ಹೊಡೆಯಲು ಅವನ ಹೆಂಡತಿ ಶಶಿರೇಖಾ.

ಅವಳನ್ನು ಅಲ್ಲಿಗೆ ಕರೆತಂದವನೂ ವೇಣುವೇ. ಮದುವೆಯಾದ ಹೊಸದರಲ್ಲಿ, ಮನೆಯಲ್ಲಿ ಕೂತು ಏನು ಮಾಡುತ್ತಾಳೆ, ಬಂದು ಉಪ್ಪುಕಾಗದ ಉಜ್ಜಲಿ ಎಂದು ತಾನೇ ಸಾರ್ ಹತ್ತಿರ ಕೇಳಿದ್ದ. ಅವಳು ದೇವನಹಳ್ಳಿ ಹತ್ತಿರದ ವಿಜಯಪುರದ ಕಡೆಯವಳು, ರೇಷ್ಮೆಹುಳ ಸಾಕಿದ ಮನೆಯವಳು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಮರದ ಮೇಲೆ ಸುತ್ತಿ ಸುತ್ತಿ ಹಚ್ಚುವ ಪಾಲಿಷಿನ ಕೆಲಸವನ್ನು ಬೇಗ ಕಲಿತಳು. ಅಲ್ಲಿಗೆ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಉಮಾಶಂಕರ್ ಒಂದು ಗಿಟಾರಿನ ಮುಂಭಾಗದ ಹಲಗೆಯನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು.

"ಹೇಗಿದೆ ವೇಣು?"

"ಚೆನ್ನಾಗಿದೆ ಸಾರ್." ಯಾವ ಹಲಗೆಗೂ ಅವನು ಹೇಳುತ್ತಿದ್ದದ್ದು ಅದನ್ನೇ. ಅವನಿಗೆ ಎಲ್ಲ ಹಲಗೆಯೂ ಟಕ್ ಟಕ್ ಎಂದೇ ಕೇಳಿಸುತ್ತಿತ್ತು.

ಪಾಲಿಷಿನ ಮೂಲೆಯಿಂದ ಶಶಿರೇಖಾ ತಲೆ ಎತ್ತದೆ ಹೇಳಿದಳು: "ಎಡಗಡೆ ಸತ್ತಂಗಿದೆ ಸಾರ್."

ಹಲಗೆಯನ್ನು ತಿರುಗಿಸಿ ನೋಡಿದರೆ ಎಡಗಡೆಯ ಒಳಪಟ್ಟಿಯ ಒಂದು ತುದಿ ಅಂಟು ಹಿಡಿದಿರಲಿಲ್ಲ. ಆ ಪಟ್ಟಿ ಅಂಟಿಸಿದ್ದವನು ವೇಣು.

"ನಿಂಗೆ ಹೆಂಗೆ ಗೊತ್ತಾಯ್ತಮ್ಮ?" ಉಮಾಶಂಕರ್ ಬೆರಗಾಗಿ ಕೇಳಿದರು.

"ನಮ್ಮನೇಲಿ ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ ನೋಡ್ತಾರಲ್ಲ ಸಾರ್, ಒಳಗಡೆ ಹುಳ ಗಟ್ಟಿಯಾಗಿದ್ಯೋ ಕೊಳ್ತೋಗಿದ್ಯೋ ಅಂತ. ಚಿಕ್ಕೋಳಿದ್ದಾಗಿಂದ ಅದೇ ಕೆಲ್ಸ ನಂಗೆ. ಇದೂ ಹಂಗೇ ಅನ್ನಿಸ್ತು."

ಆವತ್ತಿನಿಂದ ಉಮಾಶಂಕರ್ ಯಾವ ಹಲಗೆ ಎತ್ತಿದರೂ "ಶಶಿ, ಕೇಳು ಬಾಮ್ಮ ಇಲ್ಲಿ" ಎನ್ನಲು ಶುರುಮಾಡಿದರು. ವೇಣುವನ್ನು ಕೇಳುವುದು ತಾನಾಗಿಯೇ ನಿಂತುಹೋಯಿತು. ಅವಳು ಬಿಡುವಿದ್ದಾಗಲೆಲ್ಲ ಕೂಡಿಸುವುದನ್ನು ಕಲಿತಳು, ಒಳಪಟ್ಟಿ ಕೆತ್ತುವುದನ್ನು ಕಲಿತಳು, ಬೈರಣ್ಣನ ಕಾಲು ಹಿಡಿದು ಪಕ್ಕೆ ಬಗ್ಗಿಸುವುದನ್ನೂ ಕಲಿತಳು. ಚೂರುಪಾರು ಮರದಲ್ಲಿ ಒಂದು ಇಡೀ ಗಿಟಾರನ್ನೇ ಮಾಡಿ ಮುಗಿಸಿದಳು. ಅದನ್ನು ಉಮಾಶಂಕರ್ ತಮ್ಮ ಮನೆಗೆ ಒಯ್ದರು. ವೇಣು ಮಾಡಿದ ಒಂದನ್ನೂ ಅವರು ಮನೆಗೆ ಒಯ್ದವರಲ್ಲ.

"ಏನಪ್ಪಾ ವೇಣು, ಹೆಂಡ್ತಿ ನಿನ್ನ ಮೀರಿಸ್ಬಿಡ್ತಾಳೆ ಕಣೋ," ಎಂದು ಬೈರಣ್ಣ ಬೀಡಿ ಹೊಗೆಯ ನಡುವೆ ನಗುತ್ತಿದ್ದ.

"ಮೀರಿಸ್ಲಿ ಬಿಡಣ್ಣ, ಮನೆಗೇ ತಾನೆ ಬರೋದು," ಎಂದು ವೇಣುವೂ ನಗುತ್ತಿದ್ದ. ನಕ್ಕ ದಿನ ರಾತ್ರಿ ಅವನಿಗೆ ಸಾರಿನಲ್ಲಿ ಉಪ್ಪು ಹೆಚ್ಚಾಗಿರುತ್ತಿತ್ತು, ಅನ್ನ ಮುದ್ದೆಯಾಗಿರುತ್ತಿತ್ತು, ಏನೂ ಸರಿಯಾಗಿರುತ್ತಿರಲಿಲ್ಲ.

ಬೀಟೆ ಮರವನ್ನು ಹೊರದೇಶಕ್ಕೆ ಕಳಿಸಲು ಪರವಾನಗಿಯ ತಾಪತ್ರಯ ಹೆಚ್ಚಾದ ವರ್ಷ ಅದು. ಗಿಟಾರಿಗೆ ಬೇರೆ ಯಾವ ಮರ ಆಗಬಹುದು ಎಂದು ಉಮಾಶಂಕರ್ ಕಂಡಕಂಡ ಮರವನ್ನೆಲ್ಲ ಬಡಿದು ನೋಡುತ್ತಿದ್ದರು. ಅಷ್ಟರಲ್ಲಿ ವಿಮಾನ ನಿಲ್ದಾಣದ ಹತ್ತಿರ ಏಳುತ್ತಿದ್ದ ಒಂದು ದೊಡ್ಡ ಹೋಟೆಲಿನಿಂದ ಅಕ್ಷತ ಎಂಬ ಹುಡುಗಿ ಬಂದಳು. ಒಳಾಂಗಣದ ಅಲಂಕಾರ ಅವಳ ಜವಾಬ್ದಾರಿ. ಈ ಜಿಲ್ಲೆಯಲ್ಲೇ ಬೆಳೆದ ಮರಗಳಿಂದ ಮಾಡಿದ, ಯಾರೂ ನೋಡಿರದಂಥ ಒಂದು ಗಿಟಾರ್ ಬೇಕು ಎಂದಳು.

ಉಮಾಶಂಕರ್ ಮಗುವಿನ ಹಾಗೆ ಕುಣಿದರು. ವೀಣೆಗೆ ಆಗುವ ಹಲಸು ಗಿಟಾರಿನ ಮುಂಭಾಗಕ್ಕೆ ಯಾಕಾಗಬಾರದು? ಕತ್ತಿಗೆ ಸಿಲ್ವರ್ ಓಕ್. ಬೆರಳಾಡಿಸುವ ಪಟ್ಟಿಗೆ ಕರಿಜಾಲಿ. ನಡುವಿನ ತೂತಿನ ಸುತ್ತ ಬಳೆಯ ಹಾಗೆ ಕೂರಿಸಲು ದೇವನಹಳ್ಳಿಯ ಚಕ್ಕೋತದ ಹಳದಿ ಮರ. ಬೆನ್ನಿಗೆ ಮಾತ್ರ ಏನೂ ಹೊಳೆಯಲಿಲ್ಲ.

"ಸಾರ್, ನಮ್ಮೂರಲ್ಲಿ ಮನೆ ಹಿಂದೆ ಒಂದು ಹುಣಸೆ ದಿಮ್ಮಿ ಬಿದ್ದಿದೆ," ಎಂದ ವೇಣು.

ವೇಣುವಿನ ಊರು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. ಆ ಹುಣಸೆ ಮರ ಅವರ ಹೊಲದ ಅಂಚಿನಲ್ಲಿತ್ತು. ರಸ್ತೆ ಅಗಲವಾದಾಗ ಉರುಳಿಸಿದ್ದರು. ದಿಮ್ಮಿಯನ್ನು ಮನೆಯ ಹಿಂದಕ್ಕೆ ಎಳೆದು ಹಾಕಿದ್ದರು. ಎಷ್ಟೋ ಮಳೆಗಾಲ ಅದು ಒದ್ದೆ ಮಣ್ಣಿನ ಮೇಲೆ ಬಿದ್ದಿತ್ತು. ಅವನ ತಾಯಿ ಅಂಜಿನಮ್ಮ ಅದರ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

ಆ ಹೊಲದ್ದೂ ಒಂದು ಕಥೆ. ಅಪ್ಪ ಹೋದ ಮೇಲೆ ಅಣ್ಣತಮ್ಮಂದಿರು ಭಾಗವಾದರು. ಅವರ ಕಡೆ ಪದ್ಧತಿ ಏನೆಂದರೆ ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಹಾಗಾದರೆ ಪಾಲು ಮಾಡುವವನು ಮೋಸ ಮಾಡುವುದಿಲ್ಲ. ವೇಣು ನಿಯತ್ತಾಗಿ ಎರಡು ಪಾಲು ಮಾಡಿದ: ಕೊಳವೆಬಾವಿ ಇದ್ದ ಒಳಗಿನ ಹೊಲ ಒಂದು, ನೀರಿಲ್ಲದ ರಸ್ತೆ ಬದಿಯದ್ದು ಒಂದು. ನೀರಿನ ಪಾಲನ್ನೇ ತಮ್ಮ ಎತ್ತಿಕೊಳ್ಳುತ್ತಾನೆ ಎಂದುಕೊಂಡಿದ್ದ. ತಮ್ಮ ಅಂಜನ್ ಒಂದು ಕ್ಷಣವೂ ಯೋಚಿಸದೆ ರಸ್ತೆ ಬದಿಯದ್ದು ಅಂದ. ಈಗ ಅಲ್ಲಿ ಆನ್‌ಲೈನ್ ಸಾಮಾನು ತುಂಬುವ ಗೋಡೌನು ನಿಂತಿದೆ, ಅಂಜನ್ ಕಾರಿನಲ್ಲಿ ಓಡಾಡುತ್ತಾನೆ. ವೇಣುವಿನ ಕೊಳವೆಬಾವಿ ಮರುವರ್ಷವೇ ಬತ್ತಿತು. ಅವನು ಮರಗೆಲಸದ ಪೆಟ್ಟಿಗೆ ಹಿಡಿದು ಈ ಕಡೆ ಬಂದ.

ದಿಮ್ಮಿ ತರಲು ಹೋದಾಗ ಅಂಜಿನಮ್ಮ ನಕ್ಕಿದ್ದೇ ನಕ್ಕಿದ್ದು. "ನಾನ್ ಕುಂತ್ಕಳ್ಳೋ ದಿಮ್ಮೀಲಿ ವಾಲಗ ಮಾಡ್ತೀಯೇನ್ಲಾ? ಊದಿದ್ರೆ ಅವ್ರೆಕಾಯಿ ವಾಸ್ನೆ ಬತ್ತದೆ ನೋಡು!"

ಹೊಸಕೋಟೆಯ ಸಾಮಿಲ್ಲಿನಲ್ಲಿ ದಿಮ್ಮಿಯನ್ನು ಸೀಳಿದಾಗ ಮಿಲ್ಲಿನವನೂ ಯಂತ್ರ ನಿಲ್ಲಿಸಿ ಬಗ್ಗಿ ನೋಡಿದ. ಮೇಲಿನ ಅರ್ಧ ಸಾದಾ, ಬೆಲ್ಲದ ನೀರಿನ ಬಣ್ಣ. ಮಣ್ಣಿಗೆ ತಾಗಿ ಬಿದ್ದಿದ್ದ ಕೆಳಗಿನ ಅರ್ಧದಲ್ಲಿ ಬೂಷ್ಟು ಹೊಕ್ಕು, ಮಸಿಯಲ್ಲಿ ಎಳೆದಂತೆ ಕಪ್ಪು ಗೆರೆಗಳು. ಗೆರೆಗಳು ಒಂದನ್ನೊಂದು ಸುತ್ತಿಕೊಂಡು, ಒಡೆದು, ಮತ್ತೆ ಕೂಡಿ, ಸರ್ವೆಯವರ ಹಳೆಯ ನಕಾಶೆಯಲ್ಲಿ ಕೆರೆ ಕುಂಟೆ ಬರೆದ ಹಾಗೆ ಕಾಣುತ್ತಿದ್ದವು. ತೆಳ್ಳಗೆ ಸೀಳಿದ ಎರಡು ಹಾಳೆಯನ್ನು ಪುಸ್ತಕ ಬಿಡಿಸಿದಂತೆ ಪಕ್ಕಪಕ್ಕ ಇಟ್ಟರೆ ಎಡಕ್ಕಿದ್ದದ್ದೇ ಬಲಕ್ಕೂ ಕನ್ನಡಿಯಂತೆ ಬೀಳುತ್ತಿತ್ತು. ಗಿಟಾರಿನ ಬೆನ್ನಿಗಾಗುವಷ್ಟು ಅಗಲದ್ದು ಸಿಕ್ಕಿದ್ದು ಎರಡೇ ಜೋಡಿ. ಸಾದಾ ಭಾಗದಿಂದ ಒಂದು, ಗೆರೆಗಳ ಭಾಗದಿಂದ ಒಂದು.

ಬೇಸಿಗೆ ಪೂರ್ತಿ ಹಾಳೆಗಳು ಶೆಡ್ಡಿನಲ್ಲಿ ಒಣಗಿದವು. ವೇಣು ದಿನಾ ಬೆಳಗ್ಗೆ ಅವನ್ನು ಮುಟ್ಟಿ ನೋಡುತ್ತಿದ್ದ. ಮರ ತನ್ನದು, ತಂದವನು ತಾನು. ಸಾರ್ ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ, ವೇಣು ಇದು ನಿಂದು ಅಂತ.

ಸಾರ್ ಹೇಳಿದ್ದು ಬೇರೆ.

"ಎರಡು ಜೋಡಿ ಇದೆ, ನೀವಿಬ್ಬರಿದ್ದೀರಿ. ಒಂದೊಂದು ಮಾಡಿ. ಹೋಟೆಲಿನವರು ಒಂದನ್ನ ಆರಿಸ್ಲಿ. ಆರಿಸಿದ್ದು ಯಾರದೋ ಅವರ ಹೆಸರು ಅಲ್ಲಿ ಹಿತ್ತಾಳೆ ತಗಡಿನ ಮೇಲೆ ಬರುತ್ತೆ. ಹಿಂದುಗಡೆ ಹೊಸ ಶೆಡ್ಡು ಹಾಕ್ತಿದ್ದೀನಲ್ಲ, ಅದಕ್ಕೆ ಮೇಸ್ತ್ರಿನೂ ಅವರೇ."

ವೇಣು ಹೆಂಡತಿಯ ಕಡೆ ನೋಡಿದ. ಅವಳು ಬೇಡ ಸಾರ್, ಅವರೇ ಮಾಡ್ಲಿ ಅನ್ನುತ್ತಾಳೆ ಎಂದು ಕಾದ. ಅವಳು ಕೈಗೆ ಅಂಟಿದ್ದ ಅರಗನ್ನು ಉಗುರಿನಿಂದ ಕೆರೆಯುತ್ತಾ "ಆಯ್ತು ಸಾರ್" ಅಂದಳು.

"ಮತ್ತೆ ಹಾಳೆ ಯಾರಿಗೆ ಯಾವುದು?" ಬೈರಣ್ಣ ಕೇಳಿದ. ಅವನಿಗೆ ಇದೊಂದು ಜಾತ್ರೆ.

"ನಿಮ್ಮ ಕಡೆ ಹೆಂಗಪ್ಪಾ ಭಾಗ ಮಾಡೋದು?" ಎಂದು ಉಮಾಶಂಕರ್ ವೇಣುವನ್ನು ಕೇಳಿದರು.

"ದೊಡ್ಡೋನು ಪಾಲು ಹಾಕೋದು, ಚಿಕ್ಕೋನು ಮೊದಲು ಎತ್ಕೊಳೋದು." ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ.

"ಹಂಗೇ ಆಗ್ಲಿ. ನಾಳೆ ನೀನು ಪಾಲು ಹಾಕು, ಶಶಿ ಎತ್ಕೊಳ್ಲಿ."

ಮತ್ತೊಬ್ಬರು ಮೊದಲು ಆರಿಸುವುದು, ಉಳಿದದ್ದು ತನಗೆ. ಆ ರಾತ್ರಿ ಊಟಕ್ಕೆ ಕೂತಾಗ ವೇಣುವಿಗೆ ತಮ್ಮನ ಗೋಡೌನೇ ಕಣ್ಮುಂದೆ ಬಂತು. ಹೋಟೆಲಿನವರು ಕಣ್ಣಿನಲ್ಲಿ ಆರಿಸುವ ಜನ. ಗೆರೆಗಳ ಜೋಡಿಯೇ ಗೆಲ್ಲುವುದು. ಅದನ್ನು ಇವಳು ಎತ್ತಿಕೊಂಡರೆ ಮುಗಿಯಿತು. ಎದುರು ಕೂತು ಸೊಪ್ಪಿನ ಸಾರು ಬಡಿಸುತ್ತಿದ್ದ ಹೆಂಡತಿಯ ಮುಖವನ್ನು ಅವನು ದಿಟ್ಟಿಸಿದ.

"ಏನ್ರೀ, ಹಂಗೆ ನೋಡ್ತೀರಾ?"

"ಏನಿಲ್ಲ. ಯಾವ್ದು ಎತ್ಕೋತೀಯಾ?"

"ನೀವು ಪಾಲು ಹಾಕಿ, ಆಮೇಲೆ ನೋಡಣ."

ಮರುದಿನ ಅವನು ಒಬ್ಬನೇ ಬೇಗ ಶೆಡ್ಡಿಗೆ ಹೋದ. ಸಾದಾ ಜೋಡಿಗೆ, ಹೆಂಡತಿಯ ಮೂಲೆಯಲ್ಲಿದ್ದ ಸೀಸೆಯಿಂದಲೇ ಅರಗಿನ ಪಾಲಿಷ್ ತೆಗೆದು ತೆಳ್ಳಗೆ ಒಂದು ಕೈ ಹೊಡೆದ. ಒಣಗಿದ ಮೇಲೆ ಹೊಳಪು ಕಾಣದಂತೆ ಬಟ್ಟೆಯಲ್ಲಿ ಉಜ್ಜಿದ. ಪೇಲವವಾಗಿದ್ದ ಮರ ಈಗ ಜೇನಿನಂತೆ ಆಳ ಬಂದು, ಎಲ್ಲೋ ಇದ್ದ ಸಣ್ಣ ಸುಳಿಗಳೆಲ್ಲ ಎದ್ದು ಕಂಡವು. ಗೆರೆಗಳ ಜೋಡಿಗೆ ಗರಗಸದ ಹುಡಿಯನ್ನು ತಿಕ್ಕಿ ತಿಕ್ಕಿ ಬೂದಿ ಬಳಿದ ಹಾಗೆ ಮಾಡಿದ. ಮರ ಗೊತ್ತಿರುವವರಿಗೆ ಹೆಚ್ಚು ಹೊತ್ತು ಮರೆಮಾಚಲು ಆಗುವುದಿಲ್ಲ, ಆದರೆ ಆರಿಸಲು ಹೆಚ್ಚು ಹೊತ್ತು ಏನು ಬೇಕು?

ಶಶಿರೇಖಾ ಬಂದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು ಮೂಗು ಒರೆಸಿಕೊಂಡಳು. ಮೇಜಿನ ಹತ್ತಿರ ಬಂದು ಎರಡು ಪಾಲನ್ನೂ ನೋಡಿದಳು. ಆಮೇಲೆ ಗೆರೆಗಳ ಒಂದು ಹಾಳೆಯನ್ನು ಮೂಲೆಯಲ್ಲಿ ಎರಡೇ ಬೆರಳಿನಿಂದ ಹಿಡಿದೆತ್ತಿ ಕಿವಿಯ ಹತ್ತಿರ ತಂದು ಗೆಣ್ಣಿನಿಂದ ಬಡಿದಳು. ಕೆಳಗಿಟ್ಟಳು. ಸಾದಾ ಹಾಳೆಯನ್ನು ಎತ್ತಿ ಬಡಿದಳು. ಮತ್ತೆ ಬಡಿದಳು.

"ನಂಗೆ ಇದು," ಎಂದು ಜೇನುಬಣ್ಣದ ಜೋಡಿಯನ್ನು ಎದೆಗೊತ್ತಿಕೊಂಡಳು.

ವೇಣುವಿಗೆ ಅಂಜನ್ ಎದುರು ಸೋತಿದ್ದ ಸೋಲೂ ಅವತ್ತು ತೀರಿದಂತಾಯಿತು.

ಖುಷಿ ಒಂದು ವಾರ ಇತ್ತು. ಗೆರೆಗಳ ಹಾಳೆಯ ಮೇಲೆ ಮರ ಕೀಸುವ ತೋಪಡ ಹಾಕಿದ ಕೂಡಲೇ ಗೊತ್ತಾಯಿತು, ಅದು ಅರ್ಧ ಮರ ಅರ್ಧ ರೊಟ್ಟಿ. ಕಪ್ಪು ಗೆರೆಯ ಈಚೆ ಕಲ್ಲಿನ ಹಾಗೆ, ಆಚೆ ಬೂಷ್ಟು ತಿಂದು ಮೆತ್ತಗೆ. ತೆಳ್ಳಗೆ ಮಾಡಲು ಹೋದರೆ ಗೆರೆಯ ಗುಂಟ ಪುಡಿಪುಡಿಯಾಗಿ ಉದುರುತ್ತಿತ್ತು. ಉದುರಿದ ಕಡೆಯಲ್ಲೆಲ್ಲ ತಟ್ಟನೆ ಹಿಡಿಯುವ ಅಂಟು ಕುಡಿಸಿದ. ಅಂಟು ಕುಡಿದ ಮರ ಪ್ಲಾಸ್ಟಿಕ್ಕಿನಂತಾಯಿತು. ಕೊನೆಗೆ ಬೆನ್ನನ್ನು ಇರಬೇಕಾದದ್ದಕ್ಕಿಂತ ದಪ್ಪವಾಗಿಯೇ ಬಿಟ್ಟ.

"ಇದೇನ್ಲಾ, ಗಿಟಾರೋ ಚಪಾತಿ ಮಣೆಯೋ?" ಎಂದ ಬೈರಣ್ಣ ತೂಕ ನೋಡಿ.

"ನೋಡೋಕೆ ಹೆಂಗೈತೆ ಹೇಳಣ್ಣ."

"ನೋಡೋಕೆ ದೇವ್ರಾಣೆ ಚೆನ್ನಾಗೈತೆ."

ಪಕ್ಕದ ಮೇಜಿನಲ್ಲಿ ಶಶಿರೇಖಾ ಕೆಲಸ ಮಾಡುತ್ತಿದ್ದಳು. ಒಳಪಟ್ಟಿಯನ್ನು ಎರಡು ಸಲ ಕೀಸುವುದು, ಎತ್ತಿ ಬಡಿಯುವುದು, ಮತ್ತೆ ಒಂದು ಸಲ ಕೀಸುವುದು. ಹಾಗೆ ಕೇಳುವಾಗ ಅವಳ ಕಣ್ಣು ಎಲ್ಲೂ ನೋಡುತ್ತಿರಲಿಲ್ಲ, ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ತನ್ನ ಯಾವ ಮಾತನ್ನೂ ಅವಳು ಹೀಗೆ ಕೇಳಿದವಳಲ್ಲ ಎಂದು ವೇಣುವಿಗೆ ಅನ್ನಿಸಿತು. ಒಂದು ಮರದ ತುಂಡಿನ ಮೇಲೂ ಹೊಟ್ಟೆಕಿಚ್ಚು ಬರುತ್ತದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂದು ದಿನ ಅವಳು ಬುತ್ತಿ ಡಬ್ಬಿ ತೊಳೆಯಲು ಹೋದಾಗ ಅವನು ಅವಳ ಗಿಟಾರಿನ ಬೆನ್ನನ್ನು ಎತ್ತಿ ಬೆಳಕಿಗೆ ಹಿಡಿದ. ಎರಡು ಹಾಳೆ ಕೂಡುವ ನಡುಗೆರೆಯಲ್ಲಾದರೂ ಸಂದಿರಬೇಕು. ಕೂಡಿಸುವುದು ತನ್ನ ಕೆಲಸ. ಅದರಲ್ಲಿ ತನ್ನನ್ನು ಮೀರಿಸುವವರು ನೆಲಮಂಗಲದಲ್ಲೇ ಇಲ್ಲ ಎಂದು ಸಾರೇ ಹೇಳಿದ್ದರು. ಉಗುರು ಹಾಕಿ ನೋಡಿದ. ಕನ್ನಡಕ ತಂದು ನೋಡಿದ. ಸಂದಿರಲಿಲ್ಲ. ಹಲಗೆಯನ್ನು ಹಿಡಿದ ಹೆಬ್ಬೆರಳಿಗೆ ಒಂದು ಕ್ಷಣ ಬಲ ಬಂತು. ಇಷ್ಟು ತೆಳ್ಳಗಿನ ಮರ, ಒಂದು ಸಲ ಒತ್ತಿದರೆ ಸಾಕು.

"ಏನ್ರೀ ನೋಡ್ತಿದ್ದೀರಾ?" ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವಳು ಬಾಗಿಲಲ್ಲಿ ನಿಂತಿದ್ದಳು.

"ಸಂದು ಸರಿಯಾಗಿ ಕೂತಿದ್ಯಾ ಅಂತ."

"ಕೂತಿದ್ಯಾ?"

"ಪರವಾಗಿಲ್ಲ," ಎಂದು ಕೆಳಗಿಟ್ಟ.

ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೆ ಎರಡೂ ಗಿಟಾರಿನ ಪೆಟ್ಟಿಗೆ ಮುಚ್ಚಿದರು, ಕತ್ತು ಕೂರಿಸಿದರು. ತನ್ನದಕ್ಕೆ ತಾನೇ ಪಾಲಿಷ್ ಹೊಡೆಯುತ್ತೇನೆ ಎಂದು ವೇಣು ಹಟ ಹಿಡಿದ. ಗೆರೆಗಳು ಕನ್ನಡಿಯ ಒಳಗಿನಿಂದ ಎದ್ದು ಬಂದಂತೆ ಮೂಡಿದವು. ತಂತಿ ಕಟ್ಟಿದ ದಿನ ಉಮಾಶಂಕರ್ ಸ್ಟೂಲಿನ ಮೇಲೆ ಕೂತು ಮೊದಲು ವೇಣುವಿನದನ್ನು ತೊಡೆಯ ಮೇಲೆ ಇಟ್ಟುಕೊಂಡರು. ನುಡಿಸಿದರು. ಪಕ್ಕದ ಮನೆಯ ಬಾಗಿಲು ಮುಚ್ಚಿಕೊಂಡು ಒಳಗೆ ಯಾರೋ ಮಾತಾಡಿದಂತಿತ್ತು. ಅವರು ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು.

ಶಶಿರೇಖಾಳದು ಹಾಗಿರಲಿಲ್ಲ. ಒಂದೇ ತಂತಿ ಮೀಟಿದರೂ ತಗಡಿನ ಶೆಡ್ಡು ತುಂಬಿತು. ಕೈ ತೆಗೆದ ಮೇಲೂ ಸದ್ದು ಪೆಟ್ಟಿಗೆಯೊಳಗೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ತಾನೇ ಎದ್ದು ಹೋಯಿತು. ಬೈರಣ್ಣ ಬೀಡಿ ಹಚ್ಚಲು ಗೀರಿದ ಕಡ್ಡಿ ಬೆರಳವರೆಗೂ ಉರಿದು "ಅಯ್ಯಪ್ಪಾ" ಎಂದು ಕೈ ಒದರಿದ.

ಎಲ್ಲರಿಗಿಂತ ಹೆಚ್ಚು ಪೆಟ್ಟಾದದ್ದು ವೇಣುವಿಗೆ. ಯಾಕೆಂದರೆ ಇಷ್ಟು ವರ್ಷ ಬರೀ ಟಕ್ ಟಕ್ ಎಂದು ಕೇಳಿಸುತ್ತಿದ್ದ ಕಿವಿಗೆ ಅವತ್ತು ವ್ಯತ್ಯಾಸ ಕೇಳಿಸಿಬಿಟ್ಟಿತ್ತು. ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುವಾರ ಅಕ್ಷತ ಬಂದಳು. ಎರಡನ್ನೂ ಮೇಜಿನ ಮೇಲೆ ಮಲಗಿಸಿದ್ದರು. ಅವಳು ವೇಣುವಿನ ಗಿಟಾರನ್ನು ಬೋರಲು ಹಾಕಿ ಉಸಿರೆಳೆದುಕೊಂಡಳು.

"ಅಯ್ಯೋ ಸಾರ್, ಏನಿದು! ಪೇಂಟ್ ಮಾಡಿದ್ದಲ್ಲ ತಾನೆ?"

"ಅಲ್ಲ, ಮರದ್ದೇ," ಎಂದರು ಉಮಾಶಂಕರ್. "ಒಂದ್ಸಲ ಎರಡನ್ನೂ ಕೇಳಿ ಮೇಡಂ."

ನುಡಿಸಿ ತೋರಿಸಿದರು. ಅವಳು ಮೊಬೈಲಿನಲ್ಲಿ ಗೆರೆಗಳ ಫೋಟೋ ತೆಗೆಯುತ್ತಲೇ ಕೇಳಿದಳು. "ಎರಡೂ ಚೆನ್ನಾಗಿದೆ ಸಾರ್. ಆದ್ರೆ ನಮಗೆ ಗೋಡೆಗೆ ತಾನೆ? ಗ್ಲಾಸ್ ಬಾಕ್ಸ್ ಮಾಡಿಸಿ, ಬೆನ್ನು ಮುಂದೆ ಬರೋ ಥರ ಹಾಕಿ, ಮೇಲಿಂದ ಲೈಟ್ ಬಿಟ್ರೆ, ಬಂದೋರು ಅಲ್ಲೇ ನಿಂತ್ಬಿಡ್ತಾರೆ."

"ಬೆನ್ನು ಮುಂದೆ?" ಉಮಾಶಂಕರ್ ಕೇಳಿದರು. "ತಂತಿ ಗೋಡೆ ಕಡೆಗಾ?"

"ಹೌದು ಸಾರ್, ತಂತಿ ಎಲ್ಲ ಗಿಟಾರಲ್ಲೂ ಇರುತ್ತಲ್ಲ."

ಬೈರಣ್ಣ ಕೆಮ್ಮುವ ನೆಪದಲ್ಲಿ ಹೊರಗೆ ಹೋದ. ಉಮಾಶಂಕರ್ ಬಂದು ವೇಣುವಿನ ಭುಜ ತಟ್ಟಿದರು. "ಮಾತು ಅಂದ್ರೆ ಮಾತು. ಹೊಸ ಶೆಡ್ಡು ನಿಂದು ಕಣಪ್ಪಾ."

ಗೆದ್ದಿದ್ದ. ಅಂದುಕೊಂಡಂತೆಯೇ ಗೆದ್ದಿದ್ದ. ಶಶಿರೇಖಾ ಟೀ ಲೋಟ ತೊಳೆಯುತ್ತಿದ್ದಳು. ಅವಳ ಮುಖದಲ್ಲಿ ಅಳುವಿದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಹೋಟೆಲಿನ ಉದ್ಘಾಟನೆಗೆ ಇಬ್ಬರೂ ಬೈಕಿನಲ್ಲಿ ಹೋದರು. ಗಾಜಿನ ಪೆಟ್ಟಿಗೆಯೊಳಗೆ ಗಿಟಾರು ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ. ಕೆಳಗೆ ಹಿತ್ತಾಳೆಯ ತಗಡಿನಲ್ಲಿ ಅವನ ಹೆಸರು, ಅರಿಶಿನಕುಂಟೆ ಎಂಬ ಊರಿನ ಹೆಸರು. ಬಂದವರು ನಿಜವಾಗಿಯೂ ನಿಂತು ನೋಡುತ್ತಿದ್ದರು. ಒಬ್ಬರು ಇದು ಮೇಜಿನ ಹಲಗೆಯೇ ಎಂದು ಕೇಳಿದರು. ಶಶಿರೇಖಾ ಅವನನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. "ಒಂಚೂರು ನಗ್ರಿ," ಅಂದಳು.

ವಾಪಸು ಬರುವಾಗ ದೊಡ್ಡಬಳ್ಳಾಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದರು.

"ರೀ, ಒಂದು ಕೇಳ್ಲಾ? ಅವತ್ತು ಪಾಲು ಹಾಕಿದಾಗ ಸಾದಾ ಜೋಡಿಗೆ ಪಾಲಿಷ್ ಯಾಕೆ ಹೊಡೆದಿದ್ರಿ?"

ವೇಣು ಟೀ ಊದಿದ. "ಯಾವ ಪಾಲಿಷು?"

"ದಿನಾ ಅದ್ರಲ್ಲೇ ಕೈ ಅದ್ದೋಳು ನಾನು. ಬಾಗಿಲಿಗೆ ಬರ್ತಿದ್ದಂಗೇ ಸ್ಪಿರಿಟ್ ವಾಸ್ನೆ ಮೂಗಿಗೆ ಹೊಡೀತು. ಸೀಸೆ ಮುಚ್ಚಳನೂ ಸರಿಯಾಗಿ ತಿರುಗಿಸಿರ್ಲಿಲ್ಲ ನೀವು."

ಪಾಲಿಷಿನವಳಿಗೆ ಪಾಲಿಷಿನಿಂದ ಮೋಸ ಮಾಡಲು ಹೋಗಿದ್ದೆ ಎಂದು ಅವನಿಗೆ ಆಗ ಹೊಳೆಯಿತು. ಕುಡುಕನ ಬಾಯಿಗೂ ಅಷ್ಟು ವಾಸನೆ ಇರುವುದಿಲ್ಲ.

"ಗೊತ್ತಿದ್ದೂ ಅದನ್ನೇ ಯಾಕೆ ಎತ್ಕೊಂಡೆ?"

"ಚೆನ್ನಾಗಿ ಕೂಗ್ತಿತ್ತು."

"ನಂದು ಸತ್ತೈತೆ ಅಂತಾನೂ ಗೊತ್ತಿತ್ತಾ?"

"ಹೂಂ. ಕೊಳ್ತ ಗೂಡಿನ ಥರ ಇತ್ತು."

"ಮತ್ತೆ ಹೇಳ್ಬಾರ್ದಿತ್ತೇನೇ, ಕಟ್ಕೊಂಡ ಗಂಡಂಗೆ?"

ಅವಳು ಟೀಯ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಹೇಳಿದ್ರೆ ನಂದನ್ನ ನೀವು ಎತ್ಕೊಂಡ್ಬಿಡ್ತಿದ್ರಿ. ನಂಗೂ ಬೇಕಿತ್ತು."

ವೇಣು ಟೀಗೆ ದುಡ್ಡು ಕೊಟ್ಟು ಬೈಕಿನ ಕಡೆ ನಡೆದ. ತಾನು ಮಾಡಿದ ಮೋಸ ಕೂಡ ಮೋಸವಾಗಿರಲಿಲ್ಲ. ಅದರಲ್ಲೂ ಅವಳೇ ಮುಂದು. ಬೈಕಿನ ಹಿಂದೆ ಕೂತು ಅವಳು ಭುಜದ ಮೇಲೆ ಕೈ ಇಟ್ಟಾಗ ಆ ಕೈಯನ್ನು ಕೊಡವಿ ಹಾಕಬೇಕು ಎನ್ನಿಸಿತು. ಕೊಡವಲಿಲ್ಲ, ಗೇರು ಬದಲಾಯಿಸಿದ.

ಹೊಸ ಶೆಡ್ಡು ಸಿದ್ಧವಾಯಿತು. ವೇಣುಗೋಪಾಲ ಮೇಸ್ತ್ರಿಯಾದ. ಮೊದಲ ದಿನ ಉಮಾಶಂಕರ್ ಶಶಿರೇಖಾಳ ಗಿಟಾರನ್ನು ತಂದು ಸರಿಯಾಗಿ ಅವನ ಮೇಜಿನ ಎದುರಿಗೆ ಮೊಳೆ ಹೊಡೆದು ನೇತುಹಾಕಿದರು, ತಂತಿ ಮುಂದೆ ಮಾಡಿ.

"ಇದು ಮಾರೋಕಲ್ಲ. ಇನ್ಮೇಲೆ ಇಲ್ಲಿಂದ ಹೋಗೋ ಪ್ರತಿಯೊಂದನ್ನೂ ಇದರ ಪಕ್ಕ ಇಟ್ಟು ಕೇಳ್ಬೇಕು ವೇಣು. ಇದಕ್ಕಿಂತ ಕಮ್ಮಿ ಇದ್ರೆ ಆಚೆ ಬಿಡಬೇಡ. ಮೇಸ್ತ್ರಿ ನೀನು, ನಿನ್ನ ಜವಾಬ್ದಾರಿ."

ಮೇಸ್ತ್ರಿಯಾಗಿ ವೇಣು ಹೊರಡಿಸಿದ ಮೊದಲ ಅಪ್ಪಣೆ, ಇನ್ನು ಮುಂದೆ ಹಾಳೆಗಳನ್ನು ಯಾರೂ ಆರಿಸಿಕೊಳ್ಳುವ ಹಾಗಿಲ್ಲ, ಚೀಟಿ ಎತ್ತುವುದು.

"ಆಗ್ಲಿ ಮೇಸ್ತ್ರಿ," ಎಂದಳು ಶಶಿರೇಖಾ. ಬೈರಣ್ಣ ಬಿದ್ದು ಬಿದ್ದು ನಕ್ಕ.

ಈಗ ಅವನ ದಿನ ಶುರುವಾಗುವುದೇ ಆ ಗಿಟಾರಿನ ಧೂಳು ಒರೆಸುವುದರಿಂದ. ಒರೆಸುತ್ತಾ ಅದರ ಬೆನ್ನನ್ನು ಒಮ್ಮೆ ಬಡಿಯುತ್ತಾನೆ, ಕೇಳುತ್ತಾನೆ. ಆಮೇಲೆ ತನ್ನ ಮೇಜಿನ ಮೇಲಿನ ಹೊಸ ಹಲಗೆಯನ್ನು ಬಡಿಯುತ್ತಾನೆ. ಮೊದಲಾದರೆ ಚೆನ್ನಾಗಿದೆ ಸಾರ್ ಎಂದು ಹೇಳಿ ಹಗುರಾಗುತ್ತಿದ್ದ. ಈಗ ಹಾಗಾಗುವುದಿಲ್ಲ; ಕೇಳಿಸುತ್ತದೆ.

ಮೊನ್ನೆಯೂ ಹಾಗೆಯೇ ಒಂದು ಹಲಸಿನ ಹಲಗೆಯನ್ನು ಎರಡು ಬೆರಳಿನಲ್ಲಿ ಎತ್ತಿ ಬಡಿದ. ಸದ್ದು ಎಡಕ್ಕೆ ಸಲೀಸಾಗಿ ಹರಿದು ಬಲಕ್ಕೆ ಬಂದು ಎಡವಿತು. ಬಲಗಡೆ ಇನ್ನೊಂಚೂರು ಕೀಸಬೇಕು. ಸಾರನ್ನು ಕರೆದು ಹೇಳಬೇಕೆಂದು ಬಾಯಿ ತೆರೆದ.

"ಬಲಗಡೆ ಇನ್ನೊಂಚೂರು ಕೀಸ್ಬೇಕು ಕಣ್ರಿ," ಪಾಲಿಷಿನ ಮೂಲೆಯಿಂದ ಶಶಿರೇಖಾ ಅಂದಳು.

"ಕೇಳಿಸ್ಕೊಂಡ್ಯಾ ಮೇಸ್ತ್ರಿ?" ಎಂದ ಬೈರಣ್ಣ.

ಅವನಿಗೆ ಕೇಳಿಸಿತ್ತು. ಅವಳಿಗಿಂತ ಒಂದು ಗಳಿಗೆ ಮೊದಲೇ ಕೇಳಿಸಿತ್ತು. ಈಗ ಅದನ್ನು ಹೇಳಿದರೆ ಯಾರು ನಂಬುತ್ತಾರೆ? ವೇಣುಗೋಪಾಲ ತೋಪಡ ತೆಗೆದುಕೊಂಡು ಬಲಗಡೆ ಕೀಸತೊಡಗಿದ.